ಜೀಪಿನ ಡಿಫರೆನ್ಷಿಯಲ್ ಏಕೆ ಸೋರುತ್ತದೆ?



ಜೀಪು, ಲಾರಿಗಳ ಹಿಂದಿನ ಎರಡು ಚಕ್ರಗಳ ನಡುವೆ, ಕೆಳಗಡೆ, ಸಣ್ಣ ಕುಂಬಳಕಾಯಿಯಷ್ಟು ದಪ್ಪದ ಒಂದು ಕಬ್ಬಿಣದ ಉಬ್ಬು ಇರುವುದನ್ನು ನೀವೆಲ್ಲರೂ ನೋಡಿದ್ದೀರಿ. ಅದರೊಳಗಿರುವ ಹಲ್ಲುಚಕ್ರಗಳ ಗುಂಪಿಗೆ ಡಿಫರೆನ್ಷಿಯಲ್ ಎಂದು ಹೆಸರು. ಮಳೆಗಾಲದಲ್ಲಿ ಮೇಲಿನ ಲೈನ್ ಮನೆಗಳಿಂದ ನಮ್ಮ ಶಾಲೆಗೆ ಮಕ್ಕಳನ್ನು ತರುವ ತೋಟದ ಜೀಪು ಇದೆಯಲ್ಲ, ಅದರದ್ದು ಸೋರುತ್ತಿತ್ತು. 2025ರ ಬೇಸಿಗೆ ರಜೆಯಲ್ಲಿ ನನ್ನ ಮಾವನ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ ರಿಪೇರಿ ಮಾಡಿದರು. ನಾನು ಬ್ಯಾಟರಿ ಹಿಡಿದುಕೊಂಡು ಪಕ್ಕದಲ್ಲೇ ಇದ್ದು ಎಲ್ಲವನ್ನೂ ನೋಡಿದೆ, ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಅದನ್ನೇ ಈ ಸಂಚಿಕೆಯ ವಿಜ್ಞಾನ ಪಾಠವಾಗಿ ಬರೆಯುತ್ತಿದ್ದೇನೆ.

ಮೊದಲು, ಈ ಡಿಫರೆನ್ಷಿಯಲ್ ಯಾಕೆ ಬೇಕು?

ಎತ್ತಿನ ಗಾಡಿಗೆ ಅದು ಬೇಡ. ಗಾಡಿಯ ಅಚ್ಚು ತಿರುಗುವುದಿಲ್ಲ, ಎರಡು ಚಕ್ರಗಳೂ ಅಚ್ಚಿನ ತುದಿಯಲ್ಲಿ ಬೇರೆ ಬೇರೆಯಾಗಿ ತಿರುಗುತ್ತವೆ. ಎಳೆಯುವುದು ಎತ್ತು, ಚಕ್ರ ಸುಮ್ಮನೆ ಉರುಳಿದರೆ ಸಾಕು. ಆದರೆ ಜೀಪಿನಲ್ಲಿ ಚಕ್ರವನ್ನೇ ಇಂಜಿನ್ ತಿರುಗಿಸಬೇಕು. ಹಾಗಾದರೆ ಎರಡು ಚಕ್ರಗಳನ್ನೂ ಒಂದೇ ಕಬ್ಬಿಣದ ಸರಳಿಗೆ ಸೇರಿಸಿ ತಿರುಗಿಸಿದರೆ ಆಗುವುದಿಲ್ಲವೇ? ನೇರ ರಸ್ತೆಯಲ್ಲಿ ಆಗುತ್ತದೆ, ತಿರುವಿನಲ್ಲಿ ಆಗುವುದಿಲ್ಲ. ಡ್ರಿಲ್ ಪೀರಿಯಡ್ಡಿನಲ್ಲಿ ನಾಲ್ಕು ಜನ ಕೈ ಹಿಡಿದು ಸಾಲಾಗಿ ತಿರುಗುವಾಗ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಒಳಗಿನವರು ನಿಂತಲ್ಲೇ ಕಾಲು ಕುಣಿಸುತ್ತಾರೆ, ಹೊರಗಿನವರು ಓಡಬೇಕು. ಚಕ್ರಗಳಿಗೂ ಅದೇ ಪಾಡು.

ಎಷ್ಟು ಹೆಚ್ಚು ಓಡಬೇಕು ಎಂದು ಲೆಕ್ಕ ಮಾಡೋಣ. ಎರಡು ಚಕ್ರಗಳ ನಡುವಿನ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳಿ. ಜೀಪು ಒಂದು ಪೂರ್ತಿ ಸುತ್ತು ತಿರುಗಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 2 × 22/7 × 1.4 = 8.8 ಮೀಟರ್ ಹೆಚ್ಚು ದೂರ ಹೋಗುತ್ತದೆ. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ ಉತ್ತರ ಅದೇ! ನಂಬದವರು 5 ಮೀಟರ್ ತ್ರಿಜ್ಯಕ್ಕೂ 10 ಮೀಟರ್ ತ್ರಿಜ್ಯಕ್ಕೂ ಮಾಡಿ ನೋಡಿ. ಚಾರ್ಮಾಡಿ ಘಾಟಿಯ ಹೇರ್‌ಪಿನ್ ತಿರುವು ಅಂದರೆ ಹೆಚ್ಚುಕಡಿಮೆ ಅರ್ಧ ಸುತ್ತು. ಅಲ್ಲಿಗೆ ಒಂದೊಂದು ತಿರುವಿಗೂ 4.4 ಮೀಟರ್ ವ್ಯತ್ಯಾಸ. ಎರಡೂ ಚಕ್ರ ಒಂದೇ ಸರಳಿಗೆ ಬಿಗಿದಿದ್ದರೆ ಅಷ್ಟು ದೂರ ಯಾವುದಾದರೂ ಒಂದು ಟೈರು ರಸ್ತೆಗೆ ಉಜ್ಜಿಕೊಂಡೇ ಹೋಗಬೇಕು.

ಈ ತೊಂದರೆಗೆ ಫ್ರಾನ್ಸ್ ದೇಶದ ಒನೆಸಿಫೋರ್ ಪೆಕ್ಕೂರ್ ಎಂಬುವವರು 1820ರ ದಶಕದಲ್ಲಿ ಹಬೆಯಿಂದ ಓಡುವ ಗಾಡಿಗಾಗಿ ಪರಿಹಾರ ಕಂಡುಹಿಡಿದರು. ಅವರ ಮೂಲ ಕಸುಬು ಗಡಿಯಾರ ಮಾಡುವುದು. ಕಾರ್ಲ್ ಬೆಂಜ್ ಅವರ ಪೆಟ್ರೋಲ್ ಗಾಡಿ ಬಂದದ್ದು 1886ರಲ್ಲಿ. ಅಂದರೆ ಕಾರು ಹುಟ್ಟುವುದಕ್ಕೆ ಮೊದಲೇ ಡಿಫರೆನ್ಷಿಯಲ್ ಹುಟ್ಟಿತ್ತು.

ಅದರ ಒಳಗೆ ಏನಿದೆ? ಇಂಜಿನ್ ಕಡೆಯಿಂದ ಬರುವ ಉದ್ದದ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಮಾವ ನನ್ನ ಕೈಯಲ್ಲೇ ಹಲ್ಲು ಎಣಿಸಿದರು. ಪಿನಿಯನ್ನಿಗೆ 8, ಕ್ರೌನಿಗೆ 43. ಭಾಗಿಸಿದರೆ 5.375. ಅಂದರೆ ಶಾಫ್ಟು ಐದು ಸುತ್ತಿಗಿಂತ ಹೆಚ್ಚು ತಿರುಗಿದರೆ ಚಕ್ರಕ್ಕೆ ಒಂದು ಸುತ್ತು. ವೇಗ ಕಡಿಮೆಯಾಗಿ ಬಲ ಹೆಚ್ಚಾಗುತ್ತದೆ. ಕ್ರೌನಿಗೆ ಒಂದು ಡಬ್ಬಿ ಬೋಲ್ಟಾಗಿರುತ್ತದೆ. ಆ ಡಬ್ಬಿಯೊಳಗೆ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಹಲ್ಲುಚಕ್ರ, ಇವೆರಡರ ಮಧ್ಯೆ ಸಿಕ್ಕಿಕೊಂಡ ಸಣ್ಣ ಹಲ್ಲುಚಕ್ರಗಳು. ಈ ಸಣ್ಣವೇ ಮುಖ್ಯ ಕೆಲಸಗಾರರು.

ಇದನ್ನು ಕಾಣಬೇಕೆಂದರೆ ನಿಮ್ಮ ಅಡಿಪಟ್ಟಿ ಸಾಕು. ಡೆಸ್ಕಿನ ಮೇಲೆ ಅಡ್ಡಲಾಗಿ ಇಡಿ. ಎರಡು ತುದಿಗಳ ಮುಂದೆ ಒಂದೊಂದು ರಬ್ಬರು ಇಟ್ಟು ನಡುಮಧ್ಯದಲ್ಲಿ ಪೆನ್ಸಿಲಿನಿಂದ ಮುಂದಕ್ಕೆ ನೂಕಿ. ಎರಡು ರಬ್ಬರೂ ಸಮನಾಗಿ ಹೋಗುತ್ತವೆ. ಈಗ ಒಂದು ರಬ್ಬರನ್ನು ಬೆರಳಿನಿಂದ ಒತ್ತಿ ಹಿಡಿದು ನೂಕಿ. ಇನ್ನೊಂದು ತುದಿ ಎರಡರಷ್ಟು ದೂರ ಹೋಗುತ್ತದೆ. ಡಿಫರೆನ್ಷಿಯಲ್ ಅಂದರೆ ಇಷ್ಟೇ. ಕ್ರೌನಿನ ಸುತ್ತು ಎಡ ಬಲ ಚಕ್ರಗಳ ಸುತ್ತಿನ ಸರಾಸರಿ.

ಇದರಲ್ಲೇ ಒಂದು ಕುಂದೂ ಇದೆ. ಒಂದು ಚಕ್ರ ಕೆಸರಿನಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹಿಡಿತವೇ ಇರುವುದಿಲ್ಲ. ಅಡಿಪಟ್ಟಿಯ ಆ ತುದಿಗೆ ರಬ್ಬರೇ ಇಲ್ಲದ ಹಾಗೆ. ಪೆನ್ಸಿಲಿನಲ್ಲಿ ಎಷ್ಟು ನೂಕಿದರೂ ಖಾಲಿ ತುದಿಯೇ ಮುಂದೆ ಓಡುತ್ತದೆ. ಕೆಸರಿನ ಚಕ್ರ ಎಷ್ಟು ಬಲ ತಾಳುತ್ತದೋ ಅಷ್ಟೇ ಬಲ ಗಟ್ಟಿ ನೆಲದ ಚಕ್ರಕ್ಕೂ ಸಿಗುವುದು. ಅದಕ್ಕೇ ಕೆಸರಿನಲ್ಲಿ ಒಂದು ಚಕ್ರ ಗಿರಗಿರ ತಿರುಗಿ ನಮ್ಮ ಯೂನಿಫಾರ್ಮಿಗೆಲ್ಲ ಹಾರಿಸುತ್ತದೆ, ಇನ್ನೊಂದು ಚಕ್ರ ಸುಮ್ಮನೆ ನಿಂತು ನೋಡುತ್ತದೆ!

ಗದ್ದೆ ಉಳುವ ಟ್ರ್ಯಾಕ್ಟರಿನಲ್ಲಿ ಇದಕ್ಕೆ ಒಂದು ಪೆಡಲ್ ಇರುತ್ತದೆ, ಡಿಫರೆನ್ಷಿಯಲ್ ಲಾಕ್. ಡ್ರೈವರ್ ಅದನ್ನು ಒತ್ತಿದರೆ ಒಂದು ಬದಿಯ ಹಲ್ಲುಚಕ್ರ ಡಬ್ಬಿಗೇ ಸಿಕ್ಕಿಕೊಂಡು ಎರಡು ಚಕ್ರವೂ ಒಂದಾಗಿ ತಿರುಗುತ್ತವೆ. ಲಾಕ್ ಒತ್ತಿಕೊಂಡು ಬದುವಿನ ಹತ್ತಿರ ತಿರುಗಿಸಬಾರದು. ಯಾಕೆಂದು ಮೇಲಿನ 8.8 ಮೀಟರ್ ಲೆಕ್ಕ ಮಾಡಿದವರಿಗೆ ಗೊತ್ತಾಗುತ್ತದೆ.

ಈಗ ಗೌಡ್ರ ಜೀಪಿನ ವಿಷಯ. ಅವರ ಮಗ ಬೆಂಗಳೂರಿನಲ್ಲಿದ್ದಾಗ ಕೆಸರಿನಲ್ಲಿ ಜೀಪು ಓಡಿಸುವ ಪಂದ್ಯಗಳಿಗೆ ಹೋಗುತ್ತಿದ್ದರಂತೆ. ಅದಕ್ಕಾಗಿ ಹಿಂದಿನ ಡಿಫರೆನ್ಷಿಯಲ್ಲಿಗೆ ಏರ್ ಲಾಕರ್ ಹಾಕಿಸಿದ್ದರು. ಇದೂ ಟ್ರ್ಯಾಕ್ಟರಿನ ಲಾಕಿನ ಹಾಗೇ, ಆದರೆ ಕಾಲಿನ ಬದಲು ಗಾಳಿ ಒತ್ತುತ್ತದೆ. ಈ ತರಹದ ಲಾಕು 1980ರ ದಶಕದಿಂದ ಆಸ್ಟ್ರೇಲಿಯಾದಲ್ಲಿ ಹೆಸರಾಯಿತು. ಅಲ್ಲಿ ಊರು ಬಿಟ್ಟರೆ ನೂರಾರು ಮೈಲಿ ಮರಳು, ಕಲ್ಲು. ನಡುವೆ ಹೂತುಕೊಂಡರೆ ಎಳೆಯಲು ಯಾರೂ ಸಿಗುವುದಿಲ್ಲ.

ಗಾಳಿ ಹೋಗುವ ದಾರಿಯನ್ನು ಸ್ವಲ್ಪ ಗಮನವಿಟ್ಟು ಓದಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಬಾನೆಟ್ಟಿನ ಕೆಳಗೆ ಬ್ಯಾಟರಿ ಕರೆಂಟಿನಿಂದ ಓಡುವ ಪುಟ್ಟ ಕಂಪ್ರೆಸರ್. ಜೀಪಿನ ಟೈರಿಗೆ ಸುಮಾರು 30 ಪೌಂಡ್ ಗಾಳಿ ಹಾಕುತ್ತಾರೆ, ಇದು ಅದರ ಮೂರು ಪಟ್ಟು ಒತ್ತಡ ಮಾಡುತ್ತದೆ. ಅಲ್ಲಿಂದ ಒಂದು ವಾಲ್ವ್. ಡ್ರೈವರ್ ಸ್ವಿಚ್ ಒತ್ತಿದರೆ ವಾಲ್ವ್ ತೆರೆದು ಗಾಳಿ ಪೆನ್ನಿಗಿಂತ ಸಣ್ಣ ಪೈಪಿನಲ್ಲಿ ಹಿಂದಕ್ಕೆ ಹೋಗುತ್ತದೆ. ಡಿಫರೆನ್ಷಿಯಲ್ ಹೌಸಿಂಗಿಗೆ ತೂತು ಕೊರೆದು ಒಂದು ಫಿಟಿಂಗ್ ಕೂರಿಸಿರುತ್ತಾರೆ. ಅದರ ಒಳಬದಿಯಿಂದ ಸಣ್ಣ ತಾಮ್ರದ ಪೈಪು. ಇಲ್ಲಿಯವರೆಗೆ ಯಾವುದೂ ತಿರುಗುವುದಿಲ್ಲ. ಆದರೆ ಒಳಗಿನ ಡಬ್ಬಿ ಸದಾ ತಿರುಗುತ್ತಲೇ ಇರುತ್ತದೆ. ತಿರುಗದ ಪೈಪಿನಿಂದ ತಿರುಗುವ ಡಬ್ಬಿಯೊಳಕ್ಕೆ ಗಾಳಿಯನ್ನು ಹೇಗೆ ದಾಟಿಸುವುದು? ನಾನು ಮಾವನನ್ನು ಕೇಳಿದ ಮೊದಲ ಪ್ರಶ್ನೆ ಇದೇ.

ಉತ್ತರ ಬಹಳ ಚೆನ್ನಾಗಿದೆ. ಡಬ್ಬಿಯ ಒಂದು ತುದಿಯ ದುಂಡನೆಯ ಕತ್ತಿನ ಮೇಲೆ ಬಳೆಯಂತಹ ಲೋಹದ ಉಂಗುರ ಕೂರುತ್ತದೆ. ಉಂಗುರ ತಿರುಗುವುದಿಲ್ಲ, ಕತ್ತು ಅದರೊಳಗೆ ತಿರುಗುತ್ತದೆ. ಉಂಗುರದ ಒಳಮೈಯಲ್ಲಿ ಎರಡು ಕಡೆ ರಬ್ಬರಿನ ಓ ರಿಂಗ್, ನಡುವೆ ಗಾಳಿ ಓಡಾಡುವ ಸಣ್ಣ ಕಾಲುವೆ. ಕತ್ತಿನಲ್ಲಿರುವ ತೂತು ಯಾವ ಕಡೆ ತಿರುಗಿದರೂ ಆ ಕಾಲುವೆಯ ಒಳಗೇ ಇರುವುದರಿಂದ ಗಾಳಿ ಒಳಗೆ ಹೋಗುತ್ತದೆ. ಹೋದ ಗಾಳಿ ಪಿಸ್ಟನ್ ಒತ್ತಿ ಲಾಕ್ ಕೂರಿಸುತ್ತದೆ. ಸ್ವಿಚ್ ಆರಿಸಿದರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ, ಗಾಳಿ ವಾಲ್ವಿನ ಬಾಯಿಯಿಂದ ಉಸ್ ಅಂತ ಹೊರಗೆ ಬರುತ್ತದೆ. ಅಂದರೆ ಇಷ್ಟೆಲ್ಲ ವ್ಯವಸ್ಥೆ ನಿಂತಿರುವುದು ಎರಡು ಸಣ್ಣ ರಬ್ಬರ್ ಬಳೆಗಳ ಮೇಲೆ.

ಗೌಡ್ರು ಜೀಪು ತಂದಾಗ ಹೇಳಿದ್ದು ಬೇರೆಯೇ ತೊಂದರೆ. "ಮೇಸ್ತ್ರಿ, ಪಿನಿಯನ್ ಸೀಲ್ ಎರಡು ಸಲ ಬದಲಾಯ್ಸಿದ್ದಾಯ್ತು. ಹದಿನೈದು ದಿನ ಆಗಲ್ಲ, ಮತ್ತೆ ಎಣ್ಣೆ. ಈ ಸಲ ಒಳ್ಳೇ ಕಂಪ್ನಿ ಸೀಲ್ ಹಾಕಿ" ಅಂದರು. ಸೀಲ್ ಬದಲಾಯಿಸಿದ್ದು ಬೇರೆ ಕಡೆಯ ಗ್ಯಾರೇಜು.

ಮಾವ ಅಂದರು: "ಸೀಲಿಗೆ ಬೈಯೋದು ಬೇಡ ಗೌಡ್ರೇ. ಅದು ಬಾಗ್ಲು ಕಾಯೋನ ಹಾಗೆ. ಒಳಗಿಂದ ಯಾರೋ ನೂಕ್ತಿದ್ರೆ ಅವನಾದ್ರೂ ಎಷ್ಟೊತ್ತು ತಡೀತಾನೆ?"

ಒಳಗಿಂದ ನೂಕುವವರು ಯಾರು? ಇಲ್ಲಿಂದ ಪತ್ತೇದಾರಿ ಕೆಲಸ ಶುರುವಾಯಿತು.

ಹೌಸಿಂಗ್ ಪೂರ್ತಿ ಎಣ್ಣೆ, ಮಣ್ಣು ಮೆತ್ತಿಕೊಂಡು ಕಪ್ಪಗಿತ್ತು. ಎಲ್ಲಿಂದ ಸೋರುತ್ತಿದೆ ಎಂದು ಹೇಳುವ ಹಾಗೇ ಇರಲಿಲ್ಲ, ಯಾಕೆಂದರೆ ಗಾಡಿ ಓಡುವಾಗ ಗಾಳಿಗೆ ಎಣ್ಣೆ ಹಿಂದಕ್ಕೆ ಹರಡುತ್ತದೆ. ಡೀಸೆಲ್ ಹಾಕಿ ಬ್ರಷ್ಷಿನಲ್ಲಿ ಉಜ್ಜಿ ಒರೆಸಿ ಒಣಗಿಸಿದರು. ಆಮೇಲೆ ಮುಖಕ್ಕೆ ಹಾಕುವ ಪೌಡರನ್ನು ಎಲ್ಲ ಕಡೆ ಉದುರಿಸಿದರು. ಸೀಮೆಸುಣ್ಣದ ಪುಡಿಯೂ ಆಗುತ್ತದೆ, ನಮ್ಮ ಬೋರ್ಡಿನ ಕೆಳಗೆ ಬೇಕಾದಷ್ಟು ಇದೆ. ಜೀಪನ್ನು ಕೆಳಗಿನ ಸೇತುವೆವರೆಗೆ ಓಡಿಸಿ ತಂದು ನೋಡಿದರೆ ಬಿಳಿ ಪುಡಿಯ ಮೇಲೆ ಒದ್ದೆ ಗೆರೆಗಳು ಸ್ಪಷ್ಟವಾಗಿ ಕಂಡವು. ಮುಂದುಗಡೆ ಪಿನಿಯನ್ ಸೀಲಿನಿಂದ ಒಂದು, ಎಡ ಚಕ್ರದ ಒಳಬದಿಯಲ್ಲಿ ಇನ್ನೊಂದು. ಹಿಂಬದಿಯ ಮುಚ್ಚಳ ಒಣಗಿತ್ತು. ಎರಡು ದೂರದೂರದ ಸೀಲುಗಳು ಒಟ್ಟಿಗೆ ಸೋರುತ್ತಿದ್ದರೆ ಸೀಲು ಕೆಟ್ಟಿದೆ ಅನ್ನುವುದಕ್ಕಿಂತ ಒಳಗೆ ಒತ್ತಡ ಇದೆ ಅಂತ ಮೊದಲು ಯೋಚಿಸಬೇಕು ಎಂದರು ಮಾವ.

ಆಕ್ಸೆಲ್ ಮೇಲೆ ಬ್ರೀದರ್ ಎಂಬ ಸಣ್ಣ ಮೂಗು ಇರುತ್ತದೆ. ಅದು ಉಸಿರಾಡುವುದಕ್ಕೆ. ತಣ್ಣಗಿದ್ದಾಗ ಒಳಗಿನ ಗಾಳಿ 27 ಡಿಗ್ರಿ ಎಂದಿಟ್ಟುಕೊಳ್ಳಿ. ಘಾಟಿ ಹತ್ತಿದ ಮೇಲೆ ಎಣ್ಣೆ ಬಿಸಿಯಾಗಿ ಒಳಗೆ 87 ಡಿಗ್ರಿ ಆಯಿತು ಎನ್ನಿ. ಗಾಳಿಯ ಲೆಕ್ಕವನ್ನು ಮಾಡುವಾಗ ಡಿಗ್ರಿಗೆ 273 ಕೂಡಿಸಬೇಕು ಎಂದು ನಮ್ಮ ಸೈನ್ಸ್ ಟೀಚರ್ ಹೇಳಿಕೊಟ್ಟರು. ಆಗ 300 ಇದ್ದದ್ದು 360 ಆಯಿತು, ಐದರಲ್ಲಿ ಒಂದು ಪಾಲು ಹೆಚ್ಚು. ಮೂಗು ತೆರೆದಿದ್ದರೆ ಹೆಚ್ಚಿನ ಗಾಳಿ ಹೊರಗೆ ಹೋಗುತ್ತದೆ. ಮುಚ್ಚಿದ್ದರೆ ಅಷ್ಟು ಒತ್ತಡವೂ ಎಣ್ಣೆಯನ್ನು ಸೀಲಿನ ತುಟಿಯ ಮೂಲಕ ಹೊರಕ್ಕೆ ತಳ್ಳುತ್ತದೆ. ಗೌಡ್ರ ಜೀಪಿನ ಬ್ರೀದರಿನಲ್ಲಿ ಕಣಜ ಗೂಡು ಕಟ್ಟಿದ ಹಾಗೆ ಮಣ್ಣು ಗಟ್ಟಿಯಾಗಿತ್ತು! ತಂತಿ ಹಾಕಿ ತೆಗೆದಾಗ ಒಳಗಿಂದ ಉಸ್ಸೆಂದು ಗಾಳಿ ಬಂತು. ನನಗೆ ಕೇಳಿಸಿತು.

"ಸಿಕ್ತಲ್ಲ, ಇಷ್ಟೇ ತಾನೆ?" ಅಂದರು ಗೌಡ್ರು. ಮಾವ ಮಾತಾಡಲಿಲ್ಲ. ಜೀಪು ಬಂದು ಒಂದು ಗಂಟೆ ಆಗಿತ್ತು, ಆಕ್ಸೆಲ್ ಮುಟ್ಟಿದರೆ ತಣ್ಣಗಿತ್ತು. ಅಷ್ಟರ ನಡುವೆ ಗೌಡ್ರು ಲಾಕರ್ ಕೆಲಸ ಮಾಡುತ್ತದೆ ಎಂದು ತೋರಿಸಲು ಒಂದು ಸಲ ಸ್ವಿಚ್ ಹಾಕಿದ್ದರು. ತಣ್ಣಗಿರುವ ಆಕ್ಸೆಲ್ಲಿನಲ್ಲಿ ಒತ್ತಡ ಎಲ್ಲಿಂದ ಬಂತು?

ಬ್ರೀದರಿನ ಬಾಯಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರು ತುಂಬಿದ ಗಾಜಿನ ಲೋಟದಲ್ಲಿ ಮುಳುಗಿಸಿದರು. "ಪುಟ್ಟೀ, ಲೋಟ ನೋಡ್ತಾ ಇರು" ಎಂದು ಹೇಳಿ ಕಂಪ್ರೆಸರ್ ಹಾಕಿದರು. ಏನೂ ಇಲ್ಲ. ಲಾಕರ್ ಸ್ವಿಚ್ ಒತ್ತಿದರು. ಲೋಟದಲ್ಲಿ ಗುಳುಗುಳು ಗುಳ್ಳೆ! ಸ್ವಿಚ್ ಆರಿಸಿದರೆ ನಿಂತಿತು. ಮತ್ತೆ ಒತ್ತಿದರೆ ಮತ್ತೆ ಗುಳ್ಳೆ. ಕಂಪ್ರೆಸರ್ ಕೂಡ ಒತ್ತಡ ತುಂಬಿದ ಮೇಲೆ ತಾನೇ ನಿಂತು ಸುಮ್ಮನಿರಬೇಕು, ಇದು ನಿಂತು ಸ್ವಲ್ಪ ಹೊತ್ತಿಗೇ ಮತ್ತೆ ಗುರ್ರ್ ಅನ್ನುತ್ತಿತ್ತು. ಲಾಕರಿಗೆ ಹೋಗಬೇಕಾದ ಗಾಳಿ ಓ ರಿಂಗಿನ ಪಕ್ಕದಲ್ಲಿ ತಪ್ಪಿಸಿಕೊಂಡು ಹೌಸಿಂಗಿನೊಳಗೆ ಸೇರುತ್ತಿತ್ತು. ಹೊರಗಿನ ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದರು, ಎಲ್ಲೂ ಗುಳ್ಳೆ ಇಲ್ಲ. ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಸ್ವಿಚ್ ಆರಿಸಿದಾಗ ವಾಲ್ವಿನ ಬಾಯಿಯಿಂದ ಬರುವ ಗಾಳಿಗೆ ಬಿಳಿ ಬಟ್ಟೆ ಹಿಡಿದರೆ ಎಣ್ಣೆಯ ಚುಕ್ಕೆಗಳು ಬಿದ್ದವು. ಗಾಳಿ ಒಳಗೆ ಹೋಗುವ ಸಂದಿಯಲ್ಲೇ ಎಣ್ಣೆ ಹೊರಗೂ ಬರುತ್ತಿತ್ತು.

ಹೀಗೆ ಎಣ್ಣೆ ಸೋರುವುದಕ್ಕೆ ಕಾರಣ ಗಾಳಿ ಸೋರುವುದು. ಪಿನಿಯನ್ ಸೀಲು ಪಾಪ ಏನೂ ಮಾಡಿರಲಿಲ್ಲ. ಓ ರಿಂಗು ಕೆಟ್ಟಿದ್ದರೂ ಮೂಗು ತೆರೆದಿದ್ದರೆ ಗಾಳಿ ಅಲ್ಲಿಂದ ಹೋಗುತ್ತಿತ್ತು. ಮೂಗು ಮುಚ್ಚಿದ್ದರೂ ಓ ರಿಂಗು ಸರಿಯಿದ್ದರೆ ಇಷ್ಟು ಬೇಗ ಸೋರುತ್ತಿರಲಿಲ್ಲ. ಎರಡೂ ಸೇರಿ ಸೀಲಿನ ಮೇಲೆ ಬಿದ್ದಿದ್ದವು.

ಇಷ್ಟರ ಮೇಲೆ ಗೌಡ್ರಿಗೆ ಅವಸರ. ತೋಟದಲ್ಲಿ ಕೆಲಸ ಇದೆ, ಬ್ರೀದರ್ ಕ್ಲೀನ್ ಆಯಿತಲ್ಲ, ಎರಡು ದಿನ ಓಡಿಸಿ ಆಮೇಲೆ ತರುತ್ತೇನೆ ಎಂದರು. ಮಾವ ಎಡ ಹಿಂಚಕ್ರ ಬಿಚ್ಚಿ ಬ್ರೇಕ್ ಡ್ರಮ್ ಎಳೆದು ತೋರಿಸಿದರು. ಆಕ್ಸೆಲ್ ಸೀಲಿನಿಂದ ಬಂದ ಎಣ್ಣೆಯನ್ನು ಬ್ರೇಕ್ ಶೂ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಬಲಗಡೆಯದು ಒಣಗಿತ್ತು. ಹೀಗಿದ್ದಾಗ ಬ್ರೇಕ್ ಒತ್ತಿದರೆ ಬಲ ಚಕ್ರ ಹಿಡಿಯುತ್ತದೆ, ಎಡ ಚಕ್ರ ಜಾರುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಲೈನ್ ಮನೆಯಿಂದ ಇಳಿಯುವ ದಾರಿಯಲ್ಲಿ ಒಂದು ಕಡೆ ಧರೆ, ಒಂದು ಕಡೆ ಹಳ್ಳ. ಜೂನ್ ಬಂದರೆ ಕಾಲುಸಂಕದ ಮೇಲೆ ನೀರು ಹರಿಯುತ್ತದೆ, ಆಗ ಅಲ್ಲಿಯ ಮಕ್ಕಳೆಲ್ಲ ಇದೇ ಜೀಪಿನಲ್ಲಿ ಬರುವುದು. ನಮ್ಮ ತರಗತಿಯವರೇ ಮೂರು ಜನ ಇದ್ದಾರೆ. ಕಾಯಿಲೆಯವರನ್ನು ಇಳಿಸುವುದೂ ಇದರಲ್ಲೇ. ಮಾವ ಕೀಯನ್ನು ತಮ್ಮ ಜೇಬಿಗೆ ಹಾಕಿಕೊಂಡು, "ಕೆಲ್ಸ ಮುಗೀಲಿ ಗೌಡ್ರೇ, ಅಲ್ಲೀವರೆಗೂ ನನ್ನ ಬೈಕ್ ತಗೊಂಡು ಹೋಗಿ" ಅಂದರು. ಗೌಡ್ರು ಡ್ರಮ್ಮಿನೊಳಗೆ ಬೆರಳಾಡಿಸಿ ನೋಡಿಕೊಂಡು ಬೈಕ್ ತೆಗೆದುಕೊಂಡು ಹೋದರು.

ಬಿಚ್ಚುವ ಕೆಲಸ. ಮೊದಲು ಎಣ್ಣೆ ಇಳಿಸಿದರು. ಕೆಳಗಿನ ಪ್ಲಗ್ಗಿಗೆ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದಿಯಂತಹ ನುಣ್ಣನೆಯ ಕಬ್ಬಿಣ ಅಂಟಿದ್ದರೆ ಸಹಜ, ಚೂರುಗಳು ಅಂಟಿದ್ದರೆ ಯಾವುದೋ ಹಲ್ಲು ಮುರಿದಿದೆ ಎಂದರ್ಥ. ನಮಗೆ ಬೂದಿ ಮಾತ್ರ ಸಿಕ್ಕಿತು. ಎಣ್ಣೆಯ ಬಣ್ಣವನ್ನೂ ನೋಡಬೇಕು. ಹಾಲು ಹಾಕಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಸೇರಿದೆ. ಬಿಸಿ ಆಕ್ಸೆಲ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ, ಅದು ಉಸಿರಾಟದ ಇನ್ನೊಂದು ಮುಖ. ಇಳಿಸಿದ ಎಣ್ಣೆಯನ್ನು ಡಬ್ಬದಲ್ಲಿ ಹಿಡಿದಿಟ್ಟರು. ಕೆಲವರು ಹಳ್ಳದ ದಡದಲ್ಲೇ ಸುರಿಯುತ್ತಾರೆ, ಅದೇ ಹಳ್ಳ ಕೆಳಗೆ ನಮ್ಮ ಶಾಲೆಯ ಹಿಂದೆ ಬರುತ್ತದೆ ಅನ್ನುವುದು ಅವರಿಗೆ ನೆನಪಿರುವುದಿಲ್ಲ.

ಹಿಂಬದಿಯ ಮುಚ್ಚಳಕ್ಕೆ ಹತ್ತು ಬೋಲ್ಟು. ಎರಡು ಕಡೆಯ ಆಕ್ಸೆಲ್ ಶಾಫ್ಟುಗಳನ್ನು ಎಳೆದು, ತಾಮ್ರದ ಪೈಪಿನ ನಟ್ಟು ಬಿಡಿಸಿದರು. ಆ ಪೈಪು ಒಮ್ಮೆ ಮಡಿಸಿದರೆ ಸೀಳುತ್ತದೆ, ಅದಕ್ಕೆ ಎರಡು ಸ್ಪ್ಯಾನರ್ ಹಿಡಿದು ನಿಧಾನವಾಗಿ ಬಿಚ್ಚಬೇಕು. ಡಬ್ಬಿಯನ್ನು ಎರಡು ಬೇರಿಂಗ್ ಕ್ಯಾಪುಗಳು ಹಿಡಿದಿರುತ್ತವೆ. ಬಿಚ್ಚುವ ಮೊದಲು ಎಡದ ಕ್ಯಾಪಿಗೆ ಒಂದು ಚುಕ್ಕೆ, ಬಲದ್ದಕ್ಕೆ ಎರಡು ಚುಕ್ಕೆ ಪಂಚ್ ಹೊಡೆದರು. ನೋಡಲು ಒಂದೇ ತರಹ ಇದ್ದರೂ ಅದಲು ಬದಲು ಮಾಡುವ ಹಾಗಿಲ್ಲ, ಕಾರ್ಖಾನೆಯಲ್ಲಿ ಹೌಸಿಂಗಿಗೆ ಜೋಡಿಸಿಯೇ ಕೊರೆದಿರುತ್ತಾರೆ. ಬೇರಿಂಗ್ ಪಕ್ಕದಲ್ಲಿ ಶಿಮ್ ಎಂಬ ತೆಳು ತಗಡಿನ ಬಿಲ್ಲೆಗಳಿರುತ್ತವೆ. ಎಡದವನ್ನು ಒಂದು ತಟ್ಟೆಯಲ್ಲಿ, ಬಲದವನ್ನು ಇನ್ನೊಂದರಲ್ಲಿ ಇಡುವ ಕೆಲಸ ನನ್ನದಾಗಿತ್ತು.

ಕೊನೆಗೆ ಉಂಗುರ ಹೊರಗೆ ಬಂತು. ಒಂದು ಓ ರಿಂಗ್ ಮೆತ್ತಗೆ ಸರಿಯಾಗಿತ್ತು. ಇನ್ನೊಂದು ಬಿಸಿಗೆ ಗಟ್ಟಿಯಾಗಿ ಹಳೇ ಪ್ಲಾಸ್ಟಿಕ್ ಬಳೆಯ ಹಾಗಾಗಿತ್ತು, ಬಗ್ಗಿಸಿದರೆ ಮೇಲೆಲ್ಲ ಸಣ್ಣ ಸಣ್ಣ ಬಿರುಕು, ಒಂದು ಕಡೆ ಚೂರು ಕಿತ್ತುಹೋಗಿತ್ತು. ಅಷ್ಟು ದೊಡ್ಡ ಜೀಪನ್ನು ನಿಲ್ಲಿಸಿದ್ದು ಅದೇ! ಮಾವ ತಿರುಗುವ ಕತ್ತಿನ ಮೇಲೆ ಉಗುರು ಆಡಿಸಿ ನೋಡಿದರು. ಅಲ್ಲಿ ಗೆರೆ ಬಿದ್ದು ಉಗುರು ಸಿಕ್ಕಿಕೊಂಡರೆ ಹೊಸ ಓ ರಿಂಗೂ ಬೇಗ ಹರಿಯುತ್ತದೆ. ಪುಣ್ಯಕ್ಕೆ ನುಣ್ಣಗಿತ್ತು.

ಪೇಟೆಯ ಅಂಗಡಿಯಲ್ಲಿ ಅದೇ ಅಳತೆಯ ಓ ರಿಂಗ್ ಸಿಗುತ್ತಿತ್ತು. ಮಾವ ತರಲಿಲ್ಲ. ನಲ್ಲಿಗೆ ಹಾಕುವ ರಬ್ಬರು ಬೇರೆ, ಬಿಸಿ ಗೇರ್ ಎಣ್ಣೆಯಲ್ಲಿ ಮುಳುಗಿ ಮೇಲೆ ಕಬ್ಬಿಣ ತಿರುಗುವುದನ್ನು ತಾಳುವ ರಬ್ಬರು ಬೇರೆ. ಬೆಂಗಳೂರಿನಿಂದ ತರಿಸಿದರು. ರಬ್ಬರಿಗಿಂತ ಕೊರಿಯರಿಗೇ ಹೆಚ್ಚು ದುಡ್ಡಾಯಿತು. ಬಂದ ಮೇಲೆ ಎರಡನ್ನೂ ಬದಲಾಯಿಸಿ, ಎಣ್ಣೆ ಹಚ್ಚಿ, ಒತ್ತದೆ ತಿರುಗಿಸುತ್ತ ಕೂರಿಸಿದರು. ಒಣಗಿದ್ದಾಗ ತಳ್ಳಿದರೆ ಹೊಸದೂ ಕತ್ತರಿಸಿಹೋಗುತ್ತದೆ. ಹೌಸಿಂಗ್ ಮುಚ್ಚುವ ಮೊದಲೇ ಗಾಳಿ ಕೊಟ್ಟು ಸೋಪಿನ ನೀರು ಬಿಟ್ಟು ನೋಡಿದರು. ಮುಚ್ಚಿದ ಮೇಲೆ ಪರೀಕ್ಷೆ ಮಾಡಿದರೆ, ಫೇಲಾದರೆ ಎಲ್ಲ ಮೊದಲಿನಿಂದ.

ಶಿಮ್‌ಗಳು ಅವವೇ ಜಾಗಕ್ಕೆ ಹೋದವು. ಆದರೂ ಕ್ರೌನ್, ಪಿನಿಯನ್ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಲ್ಲಿ ಅಳೆದರು. ಈ ಆಕ್ಸೆಲ್ಲಿಗೆ ಅದು 0.13ರಿಂದ 0.25 ಮಿಲಿಮೀಟರ್ ಒಳಗಿರಬೇಕು. ಕಡಿಮೆಯಾದರೆ ಹಲ್ಲುಗಳು ಬಿಸಿಯಾಗಿ ಉಜ್ಜಿಕೊಳ್ಳುತ್ತವೆ, ಹೆಚ್ಚಾದರೆ ಟಕ್ ಟಕ್ ಎಂದು ಬಡಿದು ಮುರಿಯುತ್ತವೆ. ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ಅಂತಲೂ ನೋಡಿದರು. ಇದು ನನಗೆ ಅಷ್ಟು ಹಿಡಿಸಲಿಲ್ಲ, ಬಹಳ ಹೊತ್ತು ಹಿಡಿಯಿತು.

ಸೀಲು ತಪ್ಪು ಮಾಡಿರದಿದ್ದರೂ ಎಣ್ಣೆಯ ಒತ್ತಡಕ್ಕೆ ತುಟಿ ಹೊರಕ್ಕೆ ಮಗುಚಿತ್ತು, ಆದ್ದರಿಂದ ಪಿನಿಯನ್ ಸೀಲು ಮತ್ತು ಎರಡೂ ಆಕ್ಸೆಲ್ ಸೀಲುಗಳನ್ನು ಹೊಸದು ಹಾಕಿದರು. ಸೀಲಿನ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗೇ ಇರಬೇಕು. ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರೂ ಇದ್ದಾರೆ. ಕುಡಿದ ಎಣ್ಣೆ ಬಿಸಿಯಾದಾಗ ಮತ್ತೆ ಬೆವರಿನಂತೆ ಹೊರಗೆ ಬರುತ್ತದೆ, ಹಾಗಾಗಿ ಎರಡೂ ಕಡೆಯ ಶೂ ಹೊಸದಾದವು. ಒಂದೇ ಕಡೆ ಬದಲಾಯಿಸಿದರೆ ಮತ್ತೆ ಎಡ ಬಲ ಸಮ ಬರುವುದಿಲ್ಲ.

ಎಣ್ಣೆ ಸುಮಾರು 2 ಲೀಟರ್ ಹಿಡಿಯಿತು. ಇದು ಇಂಜಿನ್ ಎಣ್ಣೆ ಅಲ್ಲ, 90 ನಂಬರಿನ ಗೇರ್ ಎಣ್ಣೆ. ಪಿನಿಯನ್ ಹಲ್ಲು ಕ್ರೌನ್ ಹಲ್ಲಿನ ಮೇಲೆ ಉರುಳುವುದಷ್ಟೇ ಅಲ್ಲ, ಜಾರುತ್ತದೆ ಕೂಡ. ಆ ಒತ್ತಡಕ್ಕೆ ಸಾಮಾನ್ಯ ಎಣ್ಣೆಯ ಪದರ ಹರಿದುಹೋಗುತ್ತದೆ. ಅದಕ್ಕೆ ಇದರಲ್ಲಿ ಗಂಧಕದ ಸಂಯುಕ್ತ ಬೆರೆಸಿರುತ್ತಾರೆ, ಆ ಕೆಟ್ಟ ವಾಸನೆ ಬರುವುದು ಅದರಿಂದಲೇ. ಮೂರು ದಿನ ನನ್ನ ಕೈಯಿಂದ ಹೋಗಲಿಲ್ಲ. ಸಮತಟ್ಟಾದ ನೆಲದಲ್ಲಿ ಜೀಪು ನಿಲ್ಲಿಸಿ, ಪಕ್ಕದ ತೂತಿನ ಕೆಳ ಅಂಚಿನವರೆಗೆ ಮಾತ್ರ ತುಂಬಬೇಕು. ಇನ್ನೂ ಸ್ವಲ್ಪ ಇರಲಿ ಎಂದು ಹೆಚ್ಚು ಹಾಕಿದರೆ ಅದೂ ಸೋರುತ್ತದೆ.

ಮತ್ತೆ ಲೋಟದ ಪರೀಕ್ಷೆ. ಸ್ವಿಚ್ ಒತ್ತಿದರು, ಕಂಪ್ರೆಸರ್ ನಿಂತಿತು, ನಿಂತೇ ಇತ್ತು. ನಾನು ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಲೋಟದ ಮುಂದೆ ಕೂತಿದ್ದೆ, ಒಂದು ಗುಳ್ಳೆಯೂ ಬರಲಿಲ್ಲ. ಹಿಂದಿನ ಎರಡೂ ಚಕ್ರ ಎತ್ತಿ, ಲಾಕ್ ಹಾಕಿ ಒಂದನ್ನು ಕೈಯಲ್ಲಿ ತಿರುಗಿಸಿದರೆ ಇನ್ನೊಂದೂ ಅದೇ ದಿಕ್ಕಿಗೆ ತಿರುಗಿತು. ಲಾಕ್ ತೆಗೆದು ತಿರುಗಿಸಿದರೆ ಉಲ್ಟಾ ದಿಕ್ಕಿಗೆ! ಯಾಕೆಂದರೆ ಕ್ರೌನ್ ನಿಂತಿದೆ, ಸರಾಸರಿ ಸೊನ್ನೆ. ಒಂದು +1 ಆದರೆ ಇನ್ನೊಂದು −1 ಆಗಲೇಬೇಕು. ನಮ್ಮ ಪೂರ್ಣಾಂಕಗಳ ಪಾಠ ಜೀಪಿನ ಕೆಳಗೆ ಸಿಕ್ಕಿತು.

ರಾತ್ರಿ ಜೀಪಿನ ಕೆಳಗೆ ಹಳೇ ಕ್ಯಾಲೆಂಡರಿನ ಬಿಳಿ ಹಾಳೆ ಹಾಸಿದರು. ಬೆಳಿಗ್ಗೆ ನೋಡಿದರೆ ಹಾಳೆಯ ಮೇಲೆ ಬೆಕ್ಕಿನ ಹೆಜ್ಜೆ ಬಿಟ್ಟು ಬೇರೇನೂ ಇರಲಿಲ್ಲ.

ಕೊನೆಯದಾಗಿ ಮಾವ ಬ್ರೀದರಿಗೆ ಉದ್ದದ ಪೈಪು ಹಾಕಿ, ಹಳ್ಳದ ನೀರು ಕೆಸರು ತಲುಪದ ಹಾಗೆ ಮೇಲೆ ತಂದು, ಹಿಂದಿನ ಸೀಟಿನ ಪಕ್ಕದ ಕಂಬಿಗೆ ಕಟ್ಟಿದ್ದಾರೆ. ತುದಿಯನ್ನು ಕೊಡೆಯ ಹಿಡಿಯ ಹಾಗೆ ಕೆಳಕ್ಕೆ ಬಾಗಿಸಿದ್ದಾರೆ. ಲೈನ್ ಮನೆಯಿಂದ ಬರುವವರಿಗೆ ಕೂತಾಗ ಎಡಗಡೆ ಕಾಣುತ್ತದೆ, ಕಪ್ಪು ಪೈಪು, ಬೆರಳಿನಷ್ಟು ದಪ್ಪ. ಅದು ಜೀಪಿನ ಮೂಗು. ದಯವಿಟ್ಟು ಅದರೊಳಗೆ ಪೆನ್ನಿನ ಕ್ಯಾಪು, ಚೂಯಿಂಗ್ ಗಮ್ ತುರುಕಬೇಡಿ.